ಹಳೇ ಸಿನಿಮಾ ಯಾವುದು ಮೊದಲು? ಕಾಸರಗೋಡಿನ ಮನೆಗಳಿಗೊಂದು ಹೋಲಿಕೆ

ಹಳೇ ಕನ್ನಡ ಸಿನಿಮಾ ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ ಬೆಂಗಳೂರಿನವರ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ‘ಬಂಗಾರದ ಮನುಷ್ಯ’, ‘ನಾಗರಹಾವು’, ‘ಕಸ್ತೂರಿ ನಿವಾಸ’. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಪಟ್ಟಿಯನ್ನು ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕದಲ್ಲೋ ಪೆರ್ಲದಲ್ಲೋ ಮಂಜೇಶ್ವರದಲ್ಲೋ ಒಂದು ಮನೆಗೆ ತಂದು ಟಿವಿ ಹಾಕಿ ನೋಡಿ. ಅರ್ಧ ಗಂಟೆಯಲ್ಲಿ ಮಕ್ಕಳು ಎದ್ದು ಹೋಗಿರುತ್ತಾರೆ.

ಕನ್ನಡ ಬರುವುದಿಲ್ಲ ಅಂತಲ್ಲ, ಚೆನ್ನಾಗಿಯೇ ಬರುತ್ತದೆ. ಆದರೆ ಇಲ್ಲಿನ ಮಕ್ಕಳು ಕನ್ನಡಕ್ಕಿಂತ ಜಾಸ್ತಿ ಮಲಯಾಳಂ ಸಿನಿಮಾ ನೋಡಿ ಬೆಳೆದವರು. ಅಲ್ಲಿ ನಟರು ಮೆಲ್ಲಗೆ ಮಾತಾಡುತ್ತಾರೆ, ಅಳು ಬಂದರೂ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ, ಮನೆ ಅಂದರೆ ಮನೆಯ ಹಾಗೇ ಇರುತ್ತದೆ, ಅಂಗಳದಲ್ಲಿ ಬಟ್ಟೆ ಒಣಗಿರುತ್ತದೆ. ಅದನ್ನು ನೋಡಿ ಪಳಗಿದ ಕಣ್ಣಿಗೆ ನಮ್ಮ ಎಪ್ಪತ್ತರ ದಶಕದ ದೊಡ್ಡ ಹಿಟ್ ಸಿನಿಮಾಗಳು ನಾಟಕದ ಹಾಗೆ ಕಾಣುತ್ತವೆ. ಅಳುವ ದೃಶ್ಯ ಬಂದಾಗ ಇವರಿಗೆ ನಗು. ಪಕ್ಕದಲ್ಲಿ ಕೂತ ಅಜ್ಜಿಗೆ ಸಿಟ್ಟು. ಮತ್ತೆ ಆ ಮನೆಯಲ್ಲಿ ಹಳೇ ಸಿನಿಮಾದ ಮಾತೇ ಇಲ್ಲ.

ಅದಕ್ಕೇ ನಾನು ಹೇಳುವ ಕ್ರಮ ಉಲ್ಟಾ. ಬೇರೆ ಕಡೆ ಮೊದಲು ಜನಪ್ರಿಯ ಸಿನಿಮಾ, ರುಚಿ ಹತ್ತಿದ ಮೇಲೆ ‘ಆರ್ಟ್ ಸಿನಿಮಾ’ ಅನ್ನುತ್ತಾರೆ. ಗಡಿಯ ಈಚೆ ಇರುವ ನಮಗೆ ಮೊದಲು ಆ ಕಪ್ಪುಬಿಳುಪಿನ ಅಬ್ಬರವಿಲ್ಲದ ಸಿನಿಮಾಗಳು, ರಾಜ್‌ಕುಮಾರ್ ಮತ್ತು ವಿಷ್ಣು ಆಮೇಲೆ. ಹಿರಿಯರಿಗೆ ಮಾತ್ರ ಬೇರೆ ದಾರಿ, ಅದನ್ನು ಮುಂದೆ ಹೇಳುತ್ತೇನೆ. ಇವೆಲ್ಲ ನನಗೆ ಇಷ್ಟದವು ಅಷ್ಟೇ, ಕನ್ನಡದ ಅತಿ ಶ್ರೇಷ್ಠ ಯಾವುದು ಅಂತ ತೀರ್ಪು ಕೊಡಲು ಕೂತಿಲ್ಲ. ಎರಡರಲ್ಲಿ ಒಂದು ಆರಿಸಬೇಕು ಅಂತಾದರೆ ಯಾವುದು, ಯಾರಿಗೆ, ಇಷ್ಟೇ ವಿಷಯ.

‘ಸಂಸ್ಕಾರ’ ಅಥವಾ ‘ಘಟಶ್ರಾದ್ಧ’

ಎರಡೂ ಅನಂತಮೂರ್ತಿಯವರ ಕತೆ, ಎರಡಕ್ಕೂ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ. ಎರಡರಲ್ಲೂ ಬ್ರಾಹ್ಮಣರ ಅಗ್ರಹಾರ, ವಿಧಿ, ಮೈಲಿಗೆ. ಹಾಗಾಗಿ ಒಂದು ನೋಡಿದರೆ ಇನ್ನೊಂದು ಬೇಡ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

‘ಸಂಸ್ಕಾರ’ 1970ರದ್ದು, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವವರು ಯಾರು? ಈ ಒಂದು ಪ್ರಶ್ನೆಯ ಮೇಲೆ ಇಡೀ ಸಿನಿಮಾ ನಿಂತಿದೆ. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಬಿಟ್ಟರು, ಕೊನೆಗೆ ಅದೇ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮಾತು ಜಾಸ್ತಿ, ವಾದ ಜಾಸ್ತಿ. ಓದುವ ಅಭ್ಯಾಸ ಇರುವವರಿಗೆ, ಊಟದ ಮೇಲೆ ಚರ್ಚೆಗೆ ಕೂರುವವರಿಗೆ ಇದು ಸರಿ.

‘ಘಟಶ್ರಾದ್ಧ’ 1977ರದ್ದು, ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ. ಇಲ್ಲಿ ವಾದವೇ ಇಲ್ಲ. ವೇದ ಕಲಿಯಲು ಬಂದ ನಾಣಿ ಎಂಬ ಚಿಕ್ಕ ಹುಡುಗನ ಕಣ್ಣಿಗೆ ಎಷ್ಟು ಕಾಣುತ್ತದೋ ನಮಗೂ ಅಷ್ಟೇ ಕಾಣುವುದು. ಗುರುಗಳ ಮಗಳು ಯಮುನಕ್ಕ ವಿಧವೆ, ಬಸುರಿ ಆಗಿದ್ದಾಳೆ. ಹುಡುಗನಿಗೆ ಅದು ಪೂರ್ತಿ ಅರ್ಥವಾಗುವುದಿಲ್ಲ, ಆದರೆ ದೊಡ್ಡವರೆಲ್ಲ ಸೇರಿ ಅವಳಿಗೆ ಏನೋ ಕೆಟ್ಟದ್ದು ಮಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಯಾರೂ ಅವನಿಗೆ ಏನೂ ವಿವರಿಸುವುದಿಲ್ಲ. ಅವನು ಬಾಗಿಲ ಸಂದಿಯಲ್ಲಿ, ಕತ್ತಲಲ್ಲಿ, ಮರಗಳ ನಡುವೆ ಅವಳ ಹಿಂದೆ ಹಿಂದೆ ನಡೆಯುತ್ತಾನೆ. ಕೊನೆಗೆ ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ಅಷ್ಟು ಹೊತ್ತು ಮೊಬೈಲ್ ಹಿಡಿದು ಕೂತ ಹುಡುಗರೂ ಅಲ್ಲಿಗೆ ಬರುವಾಗ ಮೊಬೈಲ್ ಕೆಳಗಿಟ್ಟಿರುತ್ತಾರೆ.

ಎರಡರಲ್ಲಿ ಒಂದೇ ಅಂದರೆ ‘ಘಟಶ್ರಾದ್ಧ’. ಹೈಸ್ಕೂಲು ದಾಟಿದ ಮಕ್ಕಳಿಗೆ ಮೊದಲ ಹಳೇ ಕನ್ನಡ ಸಿನಿಮಾ ಇದೇ ಆಗಲಿ. ಮಲಯಾಳಂನ ಅಡೂರ್ ಗೋಪಾಲಕೃಷ್ಣನ್ ಅವರ ಸಿನಿಮಾ ಒಂದಾದರೂ ಕಂಡ ಮನೆಯವರಿಗೆ ಇದರ ನಿಧಾನ ತೊಂದರೆ ಕೊಡುವುದಿಲ್ಲ. ಇನ್ನೊಂದು ಲಾಭವೂ ಉಂಟು. ಇದನ್ನು ಈಚೆಗೆ ಚೊಕ್ಕ ಮಾಡಿ 4ಕೆಯಲ್ಲಿ ಸಿದ್ಧಪಡಿಸಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರಿಂಟ್ ಎಲ್ಲಾದರೂ ಪ್ರದರ್ಶನ ಆದರೆ ಬಿಡಬೇಡಿ.

‘ಚೋಮನ ದುಡಿ’ ಅಥವಾ ‘ನಿರ್ಮಾಲ್ಯಂ’

ಈ ಜೋಡಿ ನೋಡಿ ಬೇರೆ ಕಡೆಯವರು ಯಾಕಪ್ಪಾ ಅನ್ನಬಹುದು. ಒಂದು ಕನ್ನಡ, ಇನ್ನೊಂದು ಮಲಯಾಳಂ. ಆದರೆ ಕಾಸರಗೋಡಿನವರಿಗೆ ಇವೆರಡೂ ಮನೆಯ ಎಡಕ್ಕೂ ಬಲಕ್ಕೂ ನಡೆದ ಕತೆಗಳು. ನಮಗಲ್ಲದೆ ಬೇರೆ ಯಾರಿಗೂ ಈ ಎರಡನ್ನೂ ಸಬ್‌ಟೈಟಲ್ ಇಲ್ಲದೆ ನೋಡುವ ಭಾಗ್ಯ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

‘ನಿರ್ಮಾಲ್ಯಂ’ 1973ರದ್ದು, ಎಂ.ಟಿ. ವಾಸುದೇವನ್ ನಾಯರ್ ಬರೆದು ನಿರ್ದೇಶಿಸಿದ ಮೊದಲ ಸಿನಿಮಾ. ಪಾಳು ಬೀಳುತ್ತಿರುವ ಒಂದು ದೇವಸ್ಥಾನ, ಅಲ್ಲಿ ಮೈಮೇಲೆ ದೇವಿಯ ದರ್ಶನ ಬರುವ ಪಾತ್ರಿ ವೆಳಿಚ್ಚಪ್ಪಾಡ್, ಅವನ ಹಸಿದ ಮನೆ. ‘ಚೋಮನ ದುಡಿ’ 1975ರದ್ದು, ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಎರಡಕ್ಕೂ ಆಯಾ ವರ್ಷದ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ. ಅಷ್ಟೇ ಅಲ್ಲ, ಎರಡರ ನಾಯಕರಿಗೂ ಅತ್ಯುತ್ತಮ ನಟ ಪ್ರಶಸ್ತಿ. ಅಲ್ಲಿ ಪಿ.ಜೆ. ಆಂಟನಿ, ಇಲ್ಲಿ ಎಂ.ವಿ. ವಾಸುದೇವ ರಾವ್.

ಚೋಮನಿಗೆ ಬೇಕಾದ್ದು ಒಂದೇ. ಒಂದು ತುಂಡು ಗದ್ದೆ, ತಾನೇ ಉಳಬೇಕು. ಅವನ ಹತ್ತಿರ ಎತ್ತುಗಳೂ ಇವೆ. ಆದರೆ ಅವನು ಧಣಿಗೆ ಕಟ್ಟುಬಿದ್ದ ಮೂಲದಾಳು, ಹುಟ್ಟಿದ ಜಾತಿಗೆ ಬೇಸಾಯ ಕೂಡದು ಅಂತ ಧಣಿಯ ಮನೆಯಿಂದ ಗೇಣಿ ಸಿಗುವುದಿಲ್ಲ. ಎಸ್ಟೇಟಿನ ಸಾಲ ತೀರಿಸಲು ಹೋದ ಮಕ್ಕಳಲ್ಲಿ ಒಬ್ಬ ಜ್ವರಕ್ಕೆ ಸಿಕ್ಕಿ ಸತ್ತ, ಇನ್ನೊಬ್ಬ ಕ್ರೈಸ್ತ ಹುಡುಗಿಯ ಜೊತೆ ಅಲ್ಲೇ ಉಳಿದ. ಇನ್ನೊಬ್ಬ ಮಗ ನೀರಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ, ಮುಟ್ಟಬಾರದವನು ಅಂತ ಯಾರೂ ಇಳಿಯುವುದಿಲ್ಲ. ವಾಸುದೇವ ರಾವ್ ಇದೆಲ್ಲವನ್ನೂ ಹೆಚ್ಚು ಮಾತಿಲ್ಲದೆ ದುಡಿಯಲ್ಲೇ ಹೇಳುತ್ತಾರೆ. ಸಂತೋಷ ಆದರೂ ದುಡಿ, ಸಿಟ್ಟು ಬಂದರೂ ದುಡಿ. ಕೊನೆಗೆ ನೇಗಿಲನ್ನು ಬೆಂಕಿಗೆ ಹಾಕಿ, ಎತ್ತುಗಳನ್ನು ಅಟ್ಟಿ, ಬಾಗಿಲು ಹಾಕಿಕೊಂಡು ಬಡಿಯುತ್ತಾನಲ್ಲ, ಅಲ್ಲಿ ವಾಲ್ಯೂಮ್ ಕಡಿಮೆ ಮಾಡಬೇಡಿ.

ವೆಳಿಚ್ಚಪ್ಪಾಡನ ಕೊನೆ ಇದಕ್ಕಿಂತ ಭಯಂಕರ. ಜೀವಮಾನ ಇಡೀ ಸೇವೆ ಮಾಡಿದ ದೇವಿಯ ಎದುರು ಕುಣಿದು, ಕತ್ತಿಯಿಂದ ತನ್ನ ಹಣೆಯನ್ನೇ ಕಡಿದುಕೊಂಡು, ಬಾಯಲ್ಲಿ ತುಂಬಿದ ರಕ್ತವನ್ನು ವಿಗ್ರಹದ ಮುಖಕ್ಕೆ ಉಗಿಯುತ್ತಾನೆ. ದೈವ ಮೈಮೇಲೆ ಬರುವ ತೆಯ್ಯಂ, ಕೋಲ ನೋಡಿ ಬೆಳೆದ ನಮ್ಮಂಥವರು ಆ ದೃಶ್ಯವನ್ನು ಸುಮ್ನೆ ಸಿನಿಮಾ ಅಂತ ನೋಡೋಕಾಗಲ್ಲ. ಮನೆಯಲ್ಲಿ ಭಕ್ತಿ ಜಾಸ್ತಿ ಇರುವ ಹಿರಿಯರಿದ್ದರೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ರಿಮೋಟ್ ಕೈಬದಲಾಗುತ್ತದೆ.

ನನ್ನ ಆಯ್ಕೆ ‘ಚೋಮನ ದುಡಿ’. ಕಾರಣ ಭೂಮಿ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋಯಿತು, ಆಚೆ ಕರ್ನಾಟಕದಲ್ಲಿ 1974ರ ತಿದ್ದುಪಡಿ ಬಂತು. ನಮ್ಮ ಅನೇಕ ಮನೆಗಳಲ್ಲಿ ಜಾಗ ಹೋದವರೂ ಇದ್ದಾರೆ, ಜಾಗ ಸಿಕ್ಕಿದವರೂ ಇದ್ದಾರೆ. ಅಜ್ಜಂದಿರು ಆ ಮಾತನ್ನು ಸಾಮಾನ್ಯಕ್ಕೆ ತೆಗೆಯುವುದಿಲ್ಲ. ಈ ಸಿನಿಮಾ ಮುಗಿದ ಮೇಲೆ ತೆಗೆಯುತ್ತಾರೆ. ಗೇಣಿ ಎಷ್ಟು ಮುಡಿ ಅಕ್ಕಿ ಇತ್ತು, ಅಂಗಳದಲ್ಲಿ ಯಾರು ಎಲ್ಲಿ ನಿಲ್ಲಬೇಕಿತ್ತು, ಯಾರಿಗೆ ಯಾವುದರಲ್ಲಿ ಊಟ ಹಾಕುತ್ತಿದ್ದರು. ಕೇಳಲು ಕಷ್ಟವಾದರೂ ಕೇಳಬೇಕಾದ್ದು. ‘ನಿರ್ಮಾಲ್ಯಂ’ ಅದರ ಮುಂದಿನ ವಾರಕ್ಕೆ ಇರಲಿ.

ಇನ್ನು ದೊಡ್ಡ ಹಿಟ್‌ಗಳು

ಇವೆರಡು ಮೂರು ನೋಡಿದ ಮೇಲೆ ಬಣ್ಣದ ಸಿನಿಮಾಕ್ಕೆ ಬನ್ನಿ. ನಡುವೆ ಒಂದು ಸೇತುವೆ ಬೇಕು, ಅದಕ್ಕೆ ‘ಭೂತಯ್ಯನ ಮಗ ಅಯ್ಯು’ವಿನಷ್ಟು ಚೆನ್ನಾಗಿ ಹೊಂದುವುದು ಬೇರೊಂದಿಲ್ಲ. 1974, ಸಿದ್ದಲಿಂಗಯ್ಯ ನಿರ್ದೇಶನ, ಗೊರೂರರ ಕತೆ. ಬಡ್ಡಿ ಭೂತಯ್ಯ ಸತ್ತರೆ ಹೆಣ ಎತ್ತಲು ಊರಲ್ಲಿ ಒಬ್ಬ ಬರುವುದಿಲ್ಲ. ಲೋಕೇಶ್ ಮತ್ತು ವಿಷ್ಣುವರ್ಧನ್ ನಡುವಿನ ಹಗೆ ಕೋರ್ಟಿನವರೆಗೆ ಹೋಗಿ ಇಬ್ಬರನ್ನೂ ತಿನ್ನುತ್ತದೆ. ಹಾಡು ಉಂಟು, ಹೊಡೆದಾಟ ಉಂಟು, ಪ್ರವಾಹ ಉಂಟು, ಆದರೂ ಊರು ಊರಿನ ಹಾಗೇ ಇದೆ. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ಜಾಗಕ್ಕೆ ಬಂದಾಗ ಎಲ್ಲರ ಬಾಯಲ್ಲೂ ನೀರು. ವ್ಯಾಜ್ಯ ಮಾಡಿ ಹಾಳಾದ ಒಂದು ಮನೆಯಾದರೂ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ?

ಅದು ಹಿಡಿಸಿತು ಅಂದರೆ ಈಗ ‘ಬಂಗಾರದ ಮನುಷ್ಯ’ ಅಥವಾ ‘ನಾಗರಹಾವು’. ಎರಡೂ 1972ರವು, ಒಂದು ವರ್ಷದ ಶುರುವಿನ ಕಡೆಗೆ ಬಂತು, ಒಂದು ಕೊನೆಗೆ. ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು. ಪಟ್ಟಣದಿಂದ ಅಕ್ಕನ ಮನೆಗೆ ಬಂದ ರಾಜೀವಪ್ಪ ಬಂಜರು ಭೂಮಿಯನ್ನು ತೋಟ ಮಾಡುತ್ತಾನೆ, ಮನೆ ಎತ್ತುತ್ತಾನೆ, ಕೊನೆಗೆ ಒಂದು ಮಾತಿಗೆ ನೊಂದು ಊಟದ ಎಲೆ ಬಿಟ್ಟು ಎದ್ದು ಹೊರಟುಬಿಡುತ್ತಾನೆ. ತೋಟ ಇರುವವರಿಗೆ, ನೀರಿಗಾಗಿ ಬಾವಿ ತೋಡಿ ತೋಡಿ ಸೋತವರಿಗೆ ಇದು ಹಿಡಿಸದೇ ಇರುವುದಿಲ್ಲ. ಆದರೆ ರಾಜೀವ ಸ್ವಲ್ಪ ಜಾಸ್ತಿಯೇ ಒಳ್ಳೆಯವನು. ಮಕ್ಕಳು ಅದನ್ನೇ ಹಿಡಿದು ಎಳೆಯುತ್ತಾರೆ, ಇಷ್ಟು ಒಳ್ಳೆಯವರು ಎಲ್ಲಿರ್ತಾರೆ ಅಂತ.

‘ನಾಗರಹಾವು’ ಅದಕ್ಕೆ ತದ್ವಿರುದ್ಧ. ರಾಮಾಚಾರಿ ಒಳ್ಳೆಯವನೂ ಅಲ್ಲ ಕೆಟ್ಟವನೂ ಅಲ್ಲ, ಬರೀ ಹಠ. ಚಾಮಯ್ಯ ಮೇಷ್ಟ್ರು ಅವನ ಮೇಲಿನ ಪ್ರೀತಿಯಿಂದಲೇ ಅವನ ಬದುಕು ಕೆಡಿಸುತ್ತಾರೆ. ಅಲಮೇಲುವನ್ನು ಬಿಟ್ಟುಬಿಡು ಅಂತ ಅವರು ಹೇಳುವಾಗ ಕೆ.ಎಸ್. ಅಶ್ವತ್ಥ್ ಅವರ ದನಿಯಲ್ಲಿ ಜಬರದಸ್ತು ಇಲ್ಲ, ಬೇಡಿಕೆಯೂ ಇಲ್ಲ, ಮಗನಿಗೆ ಬುದ್ಧಿ ಹೇಳುವ ಸಲಿಗೆ. ಅದಕ್ಕೇ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು ಇದು. ಕಾದಂಬರಿಕಾರರಿಗೆ ಮಾತ್ರ ಸಮಾಧಾನ ಆಗಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಟ್ಟರು ಅಂದರಂತೆ. ಇರಲಿ. ಹದಿನೆಂಟು ಇಪ್ಪತ್ತರ ಹುಡುಗರಿಗೆ ಇದೇ ಸರಿ. ಚಿತ್ರದುರ್ಗದ ಕೋಟೆಯನ್ನು ಹೀಗೆ ತೋರಿಸಿದವರು ಇನ್ನೊಬ್ಬರಿಲ್ಲ, ಬಂಡೆಗಳೂ ಒಂದು ಪಾತ್ರವೇ. ನನ್ನ ಓಟು ಇದಕ್ಕೆ. ಮನೆಮಂದಿ ಎಲ್ಲ ಒಟ್ಟಿಗೆ ಕೂರುವ ಭಾನುವಾರ ಆದರೆ ಮಾತ್ರ ‘ಬಂಗಾರದ ಮನುಷ್ಯ’.

‘ಕಸ್ತೂರಿ ನಿವಾಸ’ ಬಗ್ಗೆ ಒಂದೇ ಮಾತು. 2014ರಲ್ಲಿ ಬಣ್ಣ ಹಚ್ಚಿ ಬಿಟ್ಟರಲ್ಲ, ಅದಲ್ಲ, 1971ರ ಕಪ್ಪುಬಿಳುಪು ಸಿಕ್ಕರೆ ಅದನ್ನೇ ನೋಡಿ.

ಕಲ್ಪನಾ ಅವರದ್ದು ಒಂದೇ ಅಂದರೆ

‘ಗೆಜ್ಜೆಪೂಜೆ’, ‘ಶರಪಂಜರ’. ಎರಡೂ ಪುಟ್ಟಣ್ಣ, ಎರಡೂ ಹೆಂಗಸರು ಬರೆದ ಕಾದಂಬರಿ. ಮೊದಲನೆಯದು ಎಂ.ಕೆ. ಇಂದಿರಾ ಅವರದ್ದು, ಎರಡನೆಯದು ತ್ರಿವೇಣಿ ಅವರದ್ದು. ಸಿನಿಮಾವಾಗಿ ‘ಗೆಜ್ಜೆಪೂಜೆ’ ಹೆಚ್ಚು ಬಿಗಿ, ನಟನೆಯೂ ಹದ. ವೇಶ್ಯೆಯರ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಸಂಸಾರದ ಆಸೆ.

ಆದರೂ ಇವತ್ತಿನ ಹುಡುಗಿಯರ ಜೊತೆ ಕೂತು ನೋಡಲು ನಾನು ‘ಶರಪಂಜರ’ ಹೇಳುತ್ತೇನೆ. 1971ರಲ್ಲಿ ಬಂದ ಸಿನಿಮಾ, ಹೆರಿಗೆಯ ನಂತರ ಮನಸ್ಸು ಕೆಟ್ಟ ಹೆಂಗಸಿನ ಕತೆ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರು, ನೆಂಟರು, ಕೆಲಸದವರು ನೋಡುವ ನೋಟ ಉಂಟಲ್ಲ, ಅದೇ ಅವಳನ್ನು ಮತ್ತೆ ಹುಚ್ಚಿ ಮಾಡುತ್ತದೆ. ಕಲ್ಪನಾ ಕೆಲವು ಕಡೆ ಅತಿ ಮಾಡುತ್ತಾರೆ ಅನ್ನೋದು ನಿಜ. ಆದರೆ ಇಷ್ಟು ಹೊತ್ತಿಗೆ ಮಕ್ಕಳ ಕಣ್ಣು ಪಳಗಿರುತ್ತದೆ, ನಗುವುದಿಲ್ಲ. ಬಾಣಂತನ ಮುಗಿದು ವರ್ಷ ಆಗದವರು ಮನೆಯಲ್ಲಿದ್ದರೆ ಇದು ಈಗ ಬೇಡ.

ಹಿರಿಯರಿಗೆ

ನಮ್ಮ ಹಿರಿಯರು ಅಂದರೆ ತಾಳಮದ್ದಳೆಯ ಕಿವಿ ಇರುವವರು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಕೇಳಿ ಬೆಳೆದವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲೇ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಿದವರು ಮನೆ ಮನೆಯಲ್ಲಿ ಇದ್ದಾರೆ. ಇವರಿಗೆ ‘ಬೇಡರ ಕಣ್ಣಪ್ಪ’ವೋ ‘ಬಬ್ರುವಾಹನ’ವೋ ಅಂದರೆ ಯೋಚನೆಯೇ ಬೇಡ, ‘ಬಬ್ರುವಾಹನ’. 1954ರ ‘ಬೇಡರ ಕಣ್ಣಪ್ಪ’ಕ್ಕೆ ಗೌರವ ಇರಲಿ, ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ ಅದು. ಆದರೆ 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ಅವರೇ, ಮಗನೂ ಅವರೇ. ತಾಯಿ ಚಿತ್ರಾಂಗದೆಯ ಶೀಲದ ಮೇಲೆ ಮಾತು ಬಂದಾಗ ಅಪ್ಪ ಮಗ ಯುದ್ಧಕ್ಕೆ ಮುಂಚೆ ಹಾಡಿನಲ್ಲೇ ಜಗಳವಾಡುತ್ತಾರೆ. ನಿನ್ನ ಪೌರುಷ ಎಲ್ಲ ಕೃಷ್ಣನ ಬಲದಿಂದ ಬಂದದ್ದು ಅಂತ ಮಗ ಚುಚ್ಚಿದಾಗ ಅರ್ಜುನನ ಮುಖ ನೋಡಬೇಕು. ಅದು ಸಂವಾದವೇ, ತಾಳಮದ್ದಳೆಯಲ್ಲಿ ಇಬ್ಬರು ಒಳ್ಳೆ ಅರ್ಥಧಾರಿಗಳು ಕೂತ ಹಾಗೆ. ಅಜ್ಜಂದಿರು ಇದನ್ನು ನೋಡುತ್ತಾ ಸುಮ್ಮನಿರುವುದಿಲ್ಲ. ಇಲ್ಲಿ ಅರ್ಜುನ ಹೀಗೆ ಉತ್ತರ ಕೊಡಬೇಕಿತ್ತು ಅಂತ ಶುರುವಾಗುತ್ತದೆ. ಮಕ್ಕಳಿಗೂ ಈ ನಾಟಕೀಯತೆ ತೊಂದರೆ ಕೊಡುವುದಿಲ್ಲ, ಯಾಕೆಂದರೆ ಕಿರೀಟ ಇಟ್ಟವನು ಏರುದನಿಯಲ್ಲೇ ಮಾತಾಡಬೇಕು ಅಂತ ಯಕ್ಷಗಾನದಿಂದ ಅವರಿಗೂ ಗೊತ್ತು.

ಪೆನ್ಶನ್ ತೆಗೆದುಕೊಳ್ಳುವ ಮೇಷ್ಟ್ರುಗಳಿಗೆ ‘ತಬರನ ಕಥೆ’. ತೇಜಸ್ವಿಯವರ ಕತೆ, 1986ರಲ್ಲಿ ಕಾಸರವಳ್ಳಿ ಮಾಡಿದ್ದು, ತಬರನಾಗಿ ಚಾರುಹಾಸನ್. ಹೆಂಡತಿಯ ಕಾಲು ಕೊಳೆಯುತ್ತಿರುವಾಗ ತನಗೆ ಬರಬೇಕಾದ ದುಡ್ಡಿಗಾಗಿ ಮೇಜಿನಿಂದ ಮೇಜಿಗೆ ಅಲೆಯುವ ಒಬ್ಬ ನಂಬಿಗಸ್ತ ಮುದುಕ. ಓದಲು ಬಾರದ ಭಾಷೆಯ ಫಾರಂ ಹಿಡಿದು, ಯಾರಾದರೂ ತುಂಬಿ ಕೊಡುತ್ತಾರಾ ಅಂತ ಕಚೇರಿ ಜಗಲಿಯಲ್ಲಿ ನಿಂತ ಅನುಭವ ಇರುವ ನಮ್ಮವರಿಗೆ ತಬರನ ಪರಿಚಯ ಮಾಡಿಕೊಡಬೇಕಾಗಿಲ್ಲ.

ಮಣಿಚಿತ್ರತ್ತಾಳ್ ಜಗಳ

ಹಳೇ ಸಿನಿಮಾ ಅನ್ನುವಷ್ಟು ಹಳತಲ್ಲ, ಆದರೆ ಈ ಜಗಳ ಇಲ್ಲದ ಕಾಸರಗೋಡಿನ ಮನೆ ಇಲ್ಲ. 1993ರ ಫಾಸಿಲ್ ನಿರ್ದೇಶನದ ‘ಮಣಿಚಿತ್ರತ್ತಾಳ್’ ಒಳ್ಳೆಯದೋ, ಅದರಿಂದ ಬಂದ 2004ರ ‘ಆಪ್ತಮಿತ್ರ’ವೋ? ನೇರವಾಗಿ ಹೇಳುತ್ತೇನೆ, ಮೂಲವೇ ಮೇಲು. ಶೋಭನಾ ಮಂಚ ಎತ್ತುವ ದೃಶ್ಯದಲ್ಲಿ ಆ ಕಣ್ಣು ನಿಧಾನಕ್ಕೆ ಬದಲಾಗುವುದನ್ನು ಕಂಡವರು ವಾದ ಮಾಡುವುದಿಲ್ಲ. ರಾಷ್ಟ್ರಪ್ರಶಸ್ತಿ ಸುಮ್ನೆ ಬಂದದ್ದಲ್ಲ. ‘ಆಪ್ತಮಿತ್ರ’ಕ್ಕೆ ಎರಡು ಕಾರಣಕ್ಕೆ ಕೂರಬಹುದು. ವಿಷ್ಣುವರ್ಧನ್ ಅವರ ಗತ್ತು ಒಂದು. ಇನ್ನೊಂದು ಸೌಂದರ್ಯಾ, ಸಿನಿಮಾ ತೆರೆಗೆ ಬರುವ ಮೊದಲೇ ಅವರು ತೀರಿಹೋಗಿದ್ದರು. ರಾತ್ರಿ ಕರೆಂಟು ಹೋಗುವ ಮಳೆಗಾಲದಲ್ಲಿ, ಅಕ್ಕ ತಂಗಿಯರ ಮಕ್ಕಳೆಲ್ಲ ಸೇರಿದಾಗ, ಮಲಯಾಳದ್ದನ್ನೇ ಹಾಕಿ. ಮಲಯಾಳಂ ಬಾರದ ಅತ್ತಿಗೆ ಘಟ್ಟದ ಮೇಲಿನಿಂದ ಬಂದಿದ್ದರೆ ಮಾತ್ರ ಕನ್ನಡದ್ದು.

ಕೊನೆಗೆ ಪ್ರಿಂಟಿನ ವಿಷಯ

ಯಾವ ಸಿನಿಮಾ ಅನ್ನುವಷ್ಟೇ ಯಾವ ಪ್ರಿಂಟ್ ಅನ್ನೋದೂ ಮುಖ್ಯ. ಯೂಟ್ಯೂಬಿನಲ್ಲಿ ಒಂದೇ ಸಿನಿಮಾ ನಾಲ್ಕಾರು ಕಡೆ ಸಿಗುತ್ತದೆ. ಮೊದಲು ಎಷ್ಟು ಹೊತ್ತಿನದು ಅಂತ ನೋಡಿ. ‘ನಾಗರಹಾವು’ ಸುಮಾರು ಮೂರು ಗಂಟೆ, ಎರಡು ಗಂಟೆ ಚಿಲ್ಲರೆ ಅಂತ ಕಂಡರೆ ಕತ್ತರಿ ಆಡಿದೆ ಅಂತಲೇ ಅರ್ಥ. ಆಮೇಲೆ ನಡುವೆ ಎಲ್ಲಾದರೂ ಒಂದು ನಿಮಿಷ ಓಡಿಸಿ ಮಾತು ಕೇಳುತ್ತದಾ ನೋಡಿ. ಕಪ್ಪುಬಿಳುಪಿನಲ್ಲಿ ಚಿತ್ರ ಸ್ವಲ್ಪ ಮಸುಕಾದರೂ ನಡೆಯುತ್ತದೆ, ಮಾತು ಕೇಳದಿದ್ದರೆ ಯಾರೂ ಕೂರುವುದಿಲ್ಲ. ‘ಘಟಶ್ರಾದ್ಧ’, ‘ಚೋಮನ ದುಡಿ’ ಎರಡರಲ್ಲೂ ಕತ್ತಲ ದೃಶ್ಯ ಜಾಸ್ತಿ, ಹಗಲಲ್ಲಿ ಕಿಟಕಿ ತೆರೆದಿಟ್ಟು ಹಾಕಿದರೆ ಟಿವಿಯಲ್ಲಿ ನಿಮ್ಮದೇ ಮುಖ ಕಾಣುತ್ತದೆ. ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ ಹಾಕಿ.